ಹೊಳೆ ದಾಟುವ ಹೊತ್ತು

ಬಾನುಲಿಯಲ್ಲಿ ಆಡಬಹುದಾದ ಮಾತು ಯಾವುದು, ಆಡಬಾರದ ಮಾತು ಯಾವುದು ಎಂಬ ವಿಷಯದಲ್ಲಿ ನಮ್ಮೊಳಗೆ ಒಂದು ಬರೆಯದ ಕಟ್ಟಳೆ ಇದೆ. ಹೃದಯದ ಬೇನೆಯನ್ನು ಕುರಿತು ವೈದ್ಯರು ಮಾತನಾಡಿದರೆ ಮನೆಮಂದಿಯೆಲ್ಲ ಕಿವಿಗೊಟ್ಟು ಕೇಳುತ್ತಾರೆ. ಕಣ್ಣಿನ ಪೊರೆ, ಸಿಹಿಮೂತ್ರ, ಮಂಡಿನೋವು ಇವೆಲ್ಲ ಊಟದ ಪಂಕ್ತಿಯಲ್ಲಿಯೂ ಚರ್ಚೆಗೆ ಒದಗುವ ವಿಷಯಗಳೇ. ಆದರೆ ಗಂಡುಮಕ್ಕಳ ಜನನಾಂಗಕ್ಕೆ ಇದ್ದಕ್ಕಿದ್ದಂತೆ ಒದಗುವ ಆಪತ್ತನ್ನು ಕುರಿತು ಮಾತು ತೆಗೆದರೆ, ಯಾರೋ ಒಬ್ಬರು ಎದ್ದುಹೋಗಿ ರೇಡಿಯೋದ ಕಿವಿ ಹಿಂಡಿಯಾರು. ಶ್ರೋತೃಗಳು ಇಂದು ಹಾಗೆ ಮಾಡದೆ ತುಸು ಹೊತ್ತು ತಾಳ್ಮೆಯಿಂದ ಇರಬೇಕೆಂದು ಕೇಳಿಕೊಳ್ಳುತ್ತೇನೆ. ನಾನು ಹೇಳಲಿರುವ ಆಪತ್ತಿನಲ್ಲಿ ಗಡಿಯಾರದ ಮುಳ್ಳಿಗೆ ಇರುವಷ್ಟು ಬೆಲೆ ಬೇರಾವುದಕ್ಕೂ ಇಲ್ಲ. ಆ ಮುಳ್ಳು ಸುತ್ತುತ್ತಿರುವ ಹೊತ್ತಿನಲ್ಲಿಯೇ ನಮ್ಮ ಮನೆಗಳು ಬಾಯಿ ಮುಚ್ಚಿಕೊಂಡಿರುತ್ತವೆ.

ಹೊತ್ತಿನ ಬೆಲೆಯನ್ನು ಹೊಳೆಬಾಗಿಲಿನ ಕಡೆಯವರಿಗೆ ಹೊಸದಾಗಿ ತಿಳಿಸಬೇಕಾದ್ದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರವನ್ನು ಹಾದು, ಸಾಗರದ ಸೀಮೆಗೆ ಇಳಿಯುವ ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. 1819 ಅಡಿ ಎಂಬ ಅಂಕಿಯನ್ನು ಮಲೆನಾಡಿನಲ್ಲಿ ಯಾರು ಕೇಳಿದರೂ ಬಲ್ಲರು. ಅದು ಆ ಜಲಾಶಯ ತುಂಬಿ ನಿಲ್ಲುವ ಮಟ್ಟ. ನೀರು ಏರಿದಂತೆ ಗದ್ದೆ, ತೋಟ, ಮನೆ, ಗುಡಿಗಳು ಮುಳುಗಿದವು. ಮುಳುಗದೆ ಉಳಿದ ಕರೂರು ಮತ್ತು ಬಾರಂಗಿ ಸೀಮೆಯ ಊರುಗಳಿಗೆ, ತುಮರಿಯಂಥ ಊರಿಗೆ, ಸಾಗರದ ಪೇಟೆ ನೀರಿನಾಚೆಯ ಊರಾಯಿತು. ಅಲ್ಲಿಂದ ಮುಂದೆ ಆರು ದಶಕಗಳ ಕಾಲ ಅಂಬಾರಗೋಡ್ಲಿನ ದಡಕ್ಕೂ ಕಳಸವಳ್ಳಿಯ ದಡಕ್ಕೂ ನಡುವಿನ ನಂಟು ದೋಣಿ ಮತ್ತು ಲಾಂಚುಗಳ ನಂಟು. ಹಗಲು ಲಾಂಚು ನಡೆಯುತ್ತಿತ್ತು. ಕತ್ತಲಾಗುವ ಹೊತ್ತಿಗೆ ಅದನ್ನು ದಡಕ್ಕೆ ಕಟ್ಟುತ್ತಿದ್ದರು. ರಾತ್ರಿ ಯಾರಿಗಾದರೂ ಬೇನೆ ಬಂದರೆ ಕಾಡು ಘಟ್ಟಗಳ ಸುತ್ತುದಾರಿ ಹಿಡಿಯಬೇಕು, ಇಲ್ಲವೆ ಬೆಳಗಾಗುವುದನ್ನು ಕಾಯಬೇಕು. ಹೆರಿಗೆ, ಹಾವಿನ ಕಡಿತ, ಎದೆನೋವು ಇವುಗಳನ್ನು ಹೊತ್ತುಕೊಂಡು ಹೊಳೆಯ ಬಾಗಿಲು ತೆರೆಯುವುದನ್ನು ಕಾದವರ ಕಥೆಗಳು ಆ ಸೀಮೆಯ ಮನೆಮನೆಯಲ್ಲಿಯೂ ಇವೆ.

ಆ ಕಥೆಗಳ ಸಾಲಿನಲ್ಲಿ ಹೇಳದೆ ಉಳಿದ ಒಂದು ಬೇನೆಯುಂಟು. ವೈದ್ಯಕದಲ್ಲಿ ಅದಕ್ಕೆ ವೃಷಣದ ತಿರುಚು ಎಂದು ಹೆಸರಿಡಬಹುದು.

ಅದರ ಸ್ವರೂಪ ಕಠಿಣವಾದದ್ದೇನಲ್ಲ. ಚಪ್ಪರದಿಂದ ಇಳಿಬಿದ್ದ ಒಂದು ಸೌತೆಕಾಯಿಯನ್ನು ನೆನೆಯಿರಿ. ಅದಕ್ಕೆ ನೀರು, ಸತ್ವ ಎಲ್ಲ ಬರುವುದು ಒಂದೇ ತೊಟ್ಟಿನ ಮೂಲಕ. ಗಾಳಿಗೋ, ಮಗುವಿನ ಕೈಗೋ ಸಿಕ್ಕಿ ಆ ಕಾಯಿ ತನ್ನ ಸುತ್ತ ತಾನೇ ಎರಡು ಸುತ್ತು ತಿರುಗಿತೆನ್ನೋಣ. ತೊಟ್ಟು ಹಗ್ಗದಂತೆ ಹೊಸೆದುಕೊಳ್ಳುತ್ತದೆ. ಒಳಗಿನ ಹರಿವು ನಿಲ್ಲುತ್ತದೆ. ವೃಷಣವೂ ಹೀಗೆಯೇ ಒಂದು ರಜ್ಜುವಿನಿಂದ ತೂಗುವ ಅಂಗ. ಆ ರಜ್ಜುವಿನೊಳಗೆ ರಕ್ತವನ್ನು ತರುವ ಧಮನಿಯೂ ಒಯ್ಯುವ ಸಿರೆಗಳೂ ಇವೆ. ಸಾಮಾನ್ಯವಾಗಿ ವೃಷಣವು ತನ್ನ ಚೀಲದ ಹಿಂಬದಿಗೆ ಅಂಟಿಕೊಂಡಿರುವುದರಿಂದ ಹೊರಳಲಾರದು. ಕೆಲವರಲ್ಲಿ ಮಾತ್ರ ಹುಟ್ಟಿನಿಂದಲೇ ಈ ಅಂಟು ಸಡಿಲ. ದೇವರ ಗಂಟೆಯ ನಾಲಗೆಯಂತೆ ಅದು ಒಳಗೆ ತೂಗಾಡುತ್ತದೆ. ಅಂಥವರಲ್ಲಿ ಒಂದು ದಿನ, ಆಟದ ನಡುವೆಯೋ, ಪೆಟ್ಟು ಬಿದ್ದಾಗಲೋ, ಎಷ್ಟೋ ಸಲ ಯಾವ ಕಾರಣವೂ ಇಲ್ಲದೆ ನಿದ್ದೆಯಲ್ಲಿಯೋ, ರಜ್ಜು ತಿರುಚಿಕೊಳ್ಳುತ್ತದೆ. ತೆಳುಗೋಡೆಯ ಸಿರೆಗಳು ಮೊದಲು ಮುಚ್ಚುತ್ತವೆ. ರಕ್ತ ಒಳಗೆ ಬಂದು ಹೊರಹೋಗಲಾರದೆ ಅಂಗ ಬಿಗಿಯುತ್ತದೆ. ಅನಂತರ ಧಮನಿಯೂ ಮುಚ್ಚುತ್ತದೆ.

ನವಜಾತ ಶಿಶುಗಳಲ್ಲಿಯೂ ಇದು ಕಾಣುತ್ತದೆ, ನಡುವಯಸ್ಸಿನವರಲ್ಲಿಯೂ ಅಪರೂಪವಾಗಿ ಕಾಣುತ್ತದೆ. ಆದರೆ ಅದಕ್ಕೆ ಪ್ರಿಯವಾದ ವಯಸ್ಸು ಹನ್ನೆರಡರಿಂದ ಹದಿನೆಂಟು. ಇಪ್ಪತ್ತೈದರೊಳಗಿನ ಗಂಡಸರನ್ನು ಲೆಕ್ಕ ಹಿಡಿದರೆ ವರ್ಷಕ್ಕೆ ಸುಮಾರು 4000ಕ್ಕೆ ಒಬ್ಬರಂತೆ ಇದು ಬರುತ್ತದೆಂದು ವೈದ್ಯಕ ಗ್ರಂಥಗಳು ಹೇಳುತ್ತವೆ. ಇನ್ನು ಹೊತ್ತಿನ ಲೆಕ್ಕ. ನೋವು ಹತ್ತಿದ ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸಕನು ತಿರುಚನ್ನು ಬಿಡಿಸಿದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಅಂಗ ಉಳಿಯುತ್ತದೆ. ಹನ್ನೆರಡು ಗಂಟೆ ಕಳೆದರೆ ಸುಮಾರು ಅರ್ಧದಷ್ಟು ಮಂದಿಯಲ್ಲಿ. ಇಪ್ಪತ್ತನಾಲ್ಕು ಗಂಟೆಯ ಮೇಲೆ ಹತ್ತರಲ್ಲಿ ಒಬ್ಬನಿಗೆ ಉಳಿದರೆ ಭಾಗ್ಯ. ರಾತ್ರಿ ಹನ್ನೊಂದಕ್ಕೆ ನೋವಿನಿಂದ ಎಚ್ಚರಾದ ಹುಡುಗನಿಗೆ ಆರು ಗಂಟೆ ಮುಗಿಯುವುದು ಬೆಳಗಿನ ಐದಕ್ಕೆ. ಕಳಸವಳ್ಳಿಯ ದಡದಲ್ಲಿ ಆ ಹೊತ್ತಿಗೆ ಇನ್ನೂ ಕತ್ತಲೆ.

ಆದರೆ ಹೊಳೆಯೊಂದನ್ನೇ ದೂರಿ ಪ್ರಯೋಜನವಿಲ್ಲ. ಮಲೆನಾಡಿನ ತಾಲ್ಲೂಕು ಊರುಗಳಲ್ಲಿ ವೈದ್ಯನಾಗಿ ಬಹುಕಾಲ ಕಳೆದ ನಾನು ಕಂಡದ್ದೆಂದರೆ, ಕಳೆದುಹೋದ ಗಂಟೆಗಳ ಬಹುಪಾಲು ನೀರಿನ ಮೇಲೆ ಕಳೆದದ್ದಲ್ಲ. ಮನೆಯೊಳಗೆ, ಕಂಬಳಿಯ ಕೆಳಗೆ ಕಳೆದದ್ದು. ಹುಡುಗನಿಗೆ ನೋವು ಬರುತ್ತದೆ. ಎಲ್ಲಿ ಎಂದು ತಾಯಿ ಕೇಳುತ್ತಾಳೆ. ಅವನು ಹೊಟ್ಟೆ ಎನ್ನುತ್ತಾನೆ. ಅದು ಪೂರ್ತಿ ಸುಳ್ಳೂ ಅಲ್ಲ. ವೃಷಣವು ಗರ್ಭದಲ್ಲಿ ಮೊದಲು ರೂಪುಗೊಳ್ಳುವುದು ಹೊಟ್ಟೆಯೊಳಗೆ, ಮೂತ್ರಪಿಂಡದ ಬಳಿಯಲ್ಲಿ. ಕೆಳಗಿಳಿದು ಬರುವಾಗ ಅದು ತನ್ನ ನರಗಳನ್ನು ಅಲ್ಲಿಂದಲೇ ಎಳೆದು ತರುತ್ತದೆ. ಆದುದರಿಂದ ತಿರುಚಿನ ನೋವು ಕಿಬ್ಬೊಟ್ಟೆಗೆ ಹರಡುತ್ತದೆ, ವಾಂತಿಯೂ ಆಗುತ್ತದೆ. ತಾಯಿ ಜೀರಿಗೆಯ ಕಷಾಯ ಕೊಡುತ್ತಾಳೆ. ತಂದೆ ಅಜೀರ್ಣವೆನ್ನುತ್ತಾನೆ. ಹುಡುಗ ಗೋಡೆಯತ್ತ ಹೊರಳಿ ಮೊಣಕಾಲು ಮಡಚಿ ಮಲಗುತ್ತಾನೆ. ಒಬ್ಬ ಹುಡುಗ ಮೂರನೆಯ ದಿನ ನನ್ನ ಮುಂದೆ ಬಂದು ನಿಂತ. ಅಂಗ ಆಗಲೇ ಕಪ್ಪಾಗಿತ್ತು. ತೆಗೆಯದೆ ಗತಿ ಇರಲಿಲ್ಲ. ಮೊದಲೇ ಏಕೆ ಹೇಳಲಿಲ್ಲವೆಂದು ತಂದೆ ಗದರಿದಾಗ ಅವನು ಆಡಿದ ಮಾತು ಇಷ್ಟೇ: "ಯಾವ ಮಾತಿನಲ್ಲಿ ಹೇಳಬೇಕಿತ್ತು?"

ಈ ಪ್ರಶ್ನೆ ವೈದ್ಯಕಕ್ಕಿಂತ ಹೆಚ್ಚಾಗಿ ಭಾಷೆಗೆ ಸೇರಿದ್ದು. ಸಾಹಿತ್ಯಾಸಕ್ತರು ಇದನ್ನು ಯೋಚಿಸಬೇಕು. ಸಂಸ್ಕೃತದಿಂದ ಬಂದ ವೃಷಣ ಎಂಬ ಮಾತು ಪುಸ್ತಕದಲ್ಲಿದೆ. ಹುಡುಗನ ಬಾಯಲ್ಲಿ ಇಲ್ಲ. ತರಡು ಎಂಬ ಹಳೆಯ ದೇಸಿ ಮಾತಿದೆ. ಅದನ್ನು ಬೈಗುಳದ ಜಾಗಕ್ಕೆ ತಳ್ಳಿದ್ದೇವೆ. ಬೀಜ ಎನ್ನುತ್ತೇವೆ, ಅದೂ ಎತ್ತಿನ ವಿಷಯದಲ್ಲಿ. ಹೋರಿಯ ಬೀಜ ಒಡೆಸುವ ಮಾತು ಜಗಲಿಯ ಮೇಲೆ ಹೆಂಗಸರು ಮಕ್ಕಳೆದುರು ನಿರ್ವಿಕಾರವಾಗಿ ನಡೆಯುತ್ತದೆ. ಕರುವಿನ ಅಂಗಕ್ಕೆ ಇರುವ ಮಾತಿನ ಸ್ವಾತಂತ್ರ್ಯ ಮನೆಯ ಮಗನ ಅಂಗಕ್ಕೆ ಇಲ್ಲ. ಹೆಣ್ಣುಮಕ್ಕಳ ಪರವಾಗಿ ಈ ಕಟ್ಟನ್ನು ಸಡಿಲಿಸಿದವರು ನಮ್ಮಲ್ಲಿ ಇದ್ದರು. ತೀರ್ಥಹಳ್ಳಿಯಲ್ಲಿಯೇ ಹುಟ್ಟಿದ, ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾಕ್ಟರ್ ಅನುಪಮಾ ನಿರಂಜನ ಅವರು 'ಕೇಳು ಕಿಶೋರಿ', 'ತಾಯಿ ಮಗು', 'ದಾಂಪತ್ಯ ದೀಪಿಕೆ' ಎಂಬ ಪುಸ್ತಕಗಳ ಮೂಲಕ ದೇಹದ ವಿಷಯವನ್ನು ಮರ್ಯಾದೆಯ ಕನ್ನಡದಲ್ಲಿ ಹೇಳಬಹುದೆಂದು ತೋರಿಸಿಕೊಟ್ಟರು. ಕಿಶೋರಿಗೆ ತಾಯಿಯಾದರೂ ನಾಲ್ಕು ಮಾತು ಹೇಳುತ್ತಾಳೆ. ಕಿಶೋರನಿಗೆ ಯಾರೂ ಏನೂ ಹೇಳುವುದಿಲ್ಲ. ಗಂಡಸಾದವನಿಗೆ ಎಲ್ಲ ತಾನಾಗಿಯೇ ತಿಳಿಯುತ್ತದೆಂದು ನಾವು ಭಾವಿಸಿದ್ದೇವೆ.

ಇರಲಿ. ಹುಡುಗ ಹೇಳಿದ, ಮನೆಯವರು ಹೊರಟರು, ಹೊಳೆಯನ್ನೂ ದಾಟಿದರು ಎನ್ನೋಣ. ಆಸ್ಪತ್ರೆಯಲ್ಲಿ ಮುಂದೇನು? ಇಲ್ಲಿ ನಮ್ಮ ನೆರವಿಗೆ ಬರುವುದು ಜನರು ಸ್ಕ್ಯಾನಿಂಗ್ ಎಂದು ಕರೆಯುವ ಶ್ರವಣಾತೀತ ಧ್ವನಿಯ ಯಂತ್ರ. ಅದು ಬಸುರಿಯರ ಯಂತ್ರವೆಂದೇ ಬಹಳ ಮಂದಿ ತಿಳಿದಿದ್ದಾರೆ. ಅದರ ಇತಿಹಾಸವೂ ಒಂದರ್ಥದಲ್ಲಿ ಆ ನಂಬಿಕೆಗೆ ಕಾರಣ.

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಬಲ್ಲದು. ಅದಕ್ಕೂ ಮೇಲಿನ ಸ್ವರ ನಮ್ಮ ಪಾಲಿಗೆ ಮೌನ. ಬಾವಲಿ ಆ ಮೌನದಲ್ಲಿಯೇ ಕೂಗಿ, ಮಾರ್ದನಿಯನ್ನು ಆಲಿಸಿ, ಕತ್ತಲಲ್ಲಿ ದಾರಿ ಕಾಣುತ್ತದೆ. 1880ರಲ್ಲಿ ಫ್ರಾನ್ಸಿನ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಎಂಬ ಸೋದರರು ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು ಕಂಡುಹಿಡಿದರು. ಅದೇ ಹರಳಿಗೆ ವಿದ್ಯುತ್ತು ಕೊಟ್ಟರೆ ಅದು ಕಂಪಿಸಿ ಧ್ವನಿ ಹೊರಡಿಸುತ್ತದೆ. ಹಾಗಾಗಿ ಒಂದೇ ಹರಳು ಬಾಯಿಯೂ ಆಗಬಲ್ಲದು, ಕಿವಿಯೂ ಆಗಬಲ್ಲದು. ಮೊದಲ ಮಹಾಯುದ್ಧದ ಕಾಲದಲ್ಲಿ ಜಲಾಂತರ್ಗಾಮಿ ನೌಕೆಗಳನ್ನು ಪತ್ತೆಹಚ್ಚಲು ಪಾಲ್ ಲಾಂಜೆವಾನ್ ಎಂಬ ವಿಜ್ಞಾನಿ ಇದನ್ನು ಬಳಸಿದ. ಅನಂತರ ಕಬ್ಬಿಣದ ಹಲಗೆಯೊಳಗಿನ ಬಿರುಕನ್ನು ಹುಡುಕುವುದಕ್ಕೆ ಕಾರ್ಖಾನೆಗಳು ಬಳಸಿದವು. ಗ್ಲಾಸ್ಗೋ ನಗರದ ಪ್ರಸೂತಿ ವೈದ್ಯ ಇಯಾನ್ ಡೊನಾಲ್ಡ್, ಕಬ್ಬಿಣದ ಬಿರುಕನ್ನು ತೋರಿಸುವ ಯಂತ್ರ ಹೊಟ್ಟೆಯೊಳಗಿನ ಗಡ್ಡೆಯನ್ನೇಕೆ ತೋರಿಸಬಾರದೆಂದು ಯೋಚಿಸಿದ. ಅವನೂ ಅವನ ಜೊತೆಗಾರರೂ 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮ ಕೆಲಸವನ್ನು ಪ್ರಕಟಿಸಿದರು. ಅಲ್ಲಿಂದ ಈ ಯಂತ್ರ ಪ್ರಸೂತಿಗೃಹಗಳನ್ನು ಹೊಕ್ಕಿತು.

ಆದರೆ ನಮ್ಮ ಹುಡುಗನ ಆಪತ್ತಿನಲ್ಲಿ ಅಂಗದ ಆಕಾರವನ್ನು ಕಂಡರೆ ಸಾಲದು. ರಕ್ತ ಹರಿಯುತ್ತಿದೆಯೋ ಇಲ್ಲವೋ ಎಂಬುದು ತಿಳಿಯಬೇಕು. ಅದಕ್ಕೆ ಇನ್ನೊಬ್ಬ ಪುಣ್ಯಾತ್ಮನ ಋಣವಿದೆ. ತಾಳಗುಪ್ಪದ ರೈಲುಹಾದಿಯ ಬದಿಯಲ್ಲಿ ನಿಂತವರು ಇದನ್ನು ಗಮನಿಸಿರುತ್ತಾರೆ: ಗಾಡಿ ನಮ್ಮೆಡೆಗೆ ಬರುವಾಗ ಅದರ ಕೂಗು ಏರಿದ ಶ್ರುತಿಯಲ್ಲಿರುತ್ತದೆ, ನಮ್ಮನ್ನು ದಾಟಿದೊಡನೆ ಶ್ರುತಿ ಇಳಿಯುತ್ತದೆ. ಆಸ್ಟ್ರಿಯಾದ ಕ್ರಿಸ್ಟಿಯನ್ ಡಾಪ್ಲರ್ 1842ರಲ್ಲಿ ಈ ತತ್ವವನ್ನು ನಕ್ಷತ್ರಗಳ ಬೆಳಕಿನ ಸಂದರ್ಭದಲ್ಲಿ ಮಂಡಿಸಿದ. ಮೂರು ವರ್ಷಗಳ ಮೇಲೆ ಹಾಲೆಂಡಿನಲ್ಲಿ ಬಾಯ್ಸ್ ಬ್ಯಾಲಟ್ ಎಂಬುವನು ರೈಲಿನ ಮೇಲೆ ಕಹಳೆ ಊದುವವರನ್ನು ಕೂರಿಸಿ, ಹಾದಿಯ ಬದಿಯಲ್ಲಿ ಸಂಗೀತ ಬಲ್ಲವರನ್ನು ನಿಲ್ಲಿಸಿ, ಶಬ್ದದಲ್ಲಿಯೂ ಇದು ನಿಜವೆಂದು ತೋರಿಸಿದ. ಹರಿಯುವ ರಕ್ತದ ಕಣಗಳೂ ಆ ರೈಲಿನಂತೆಯೇ. ಯಂತ್ರ ಕಳಿಸಿದ ಧ್ವನಿ ಅವುಗಳಿಗೆ ತಗಲಿ ಹಿಂದಿರುಗುವಾಗ, ಯಂತ್ರದತ್ತ ಬರುವ ರಕ್ತದಿಂದ ಶ್ರುತಿ ಏರಿ, ದೂರ ಹೋಗುವ ರಕ್ತದಿಂದ ಶ್ರುತಿ ಇಳಿದು ಬರುತ್ತದೆ. 1980ರ ದಶಕದಲ್ಲಿ ಈ ಏರಿಳಿತವನ್ನು ಬಣ್ಣಕ್ಕೆ ತಿರುಗಿಸಿ ತೆರೆಯ ಮೇಲೆ ತೋರಿಸುವ ಯಂತ್ರಗಳು ಬಂದವು. ಸಾಧಾರಣವಾಗಿ ಯಂತ್ರದೆಡೆಗೆ ಬರುವುದು ಕೆಂಪು, ದೂರವಾಗುವುದು ನೀಲಿ. ಆ ಬಣ್ಣಗಳು ಸಿರೆ ಧಮನಿಗಳ ಬಣ್ಣವಲ್ಲ, ದಿಕ್ಕಿನ ಗುರುತು ಮಾತ್ರ.

ಪರೀಕ್ಷೆಯ ಕ್ರಮವನ್ನು ಹೇಳುತ್ತೇನೆ. ಭಯವಿರುವುದು ತಿಳಿಯದ್ದರ ಬಗ್ಗೆ ಮಾತ್ರ. ಹುಡುಗನನ್ನು ಅಂಗಾತ ಮಲಗಿಸಿ, ಬಟ್ಟೆಯ ಮಡಿಕೆಯೊಂದನ್ನು ಆಧಾರವಾಗಿಟ್ಟು, ಬೇಕಾದಷ್ಟನ್ನು ಮಾತ್ರ ತೆರೆದು ಉಳಿದುದನ್ನು ಮುಚ್ಚುತ್ತಾರೆ. ತಣ್ಣನೆಯ ಲೋಳೆಯೊಂದನ್ನು ಹಚ್ಚುತ್ತಾರೆ. ಧ್ವನಿಗೆ ನಡುವೆ ಗಾಳಿ ಅಡ್ಡಬರಬಾರದಲ್ಲ. ನೋವಿಲ್ಲದ ಕಡೆಯನ್ನು ಮೊದಲು ನೋಡುವುದು ಒಳ್ಳೆಯ ವೈದ್ಯರ ಪದ್ಧತಿ. ಆ ಹುಡುಗನ ಮಟ್ಟಿಗೆ ಸಹಜವಾದದ್ದು ಯಾವುದೆಂಬುದನ್ನು ಆ ಕಡೆಯೇ ತಿಳಿಸುತ್ತದೆ. ಅದರಲ್ಲಿ ಅಲ್ಲಲ್ಲಿ ಬಣ್ಣದ ಚುಕ್ಕೆಗಳು ಮಿನುಗುತ್ತವೆ. ಅನಂತರ ನೋವಿನ ಕಡೆಗೆ ಹರಳನ್ನು ಸರಿಸುತ್ತಾರೆ. ತಿರುಚು ಪೂರ್ಣವಾಗಿದ್ದರೆ ಅಲ್ಲಿ ಬಣ್ಣವಿಲ್ಲ. ತೆರೆಯ ಮೇಲೆ ಬೂದು ಬಣ್ಣದ ಒಂದು ಮೌನ. ಇನ್ನೂ ಮೇಲಕ್ಕೆ, ರಜ್ಜುವಿನ ಹಾದಿಯಲ್ಲಿ ನೋಡಿದರೆ, ಹೊಳೆಯ ಸುಳಿಯಂತೆ ಸುತ್ತಿಕೊಂಡ ಗಂಟು ಕಾಣಬಹುದು. ಸುಳಿಯ ಗುರುತು ಎಂದೇ ಅದಕ್ಕೆ ವೈದ್ಯರು ಹೆಸರಿಟ್ಟಿದ್ದಾರೆ. ವಿಕಿರಣದ ಭಯವಿಲ್ಲ, ಸೂಜಿಯಿಲ್ಲ, ಕಾಲುಗಂಟೆಯ ಕೆಲಸ.

ನೋವಿನ ಬೇರೆ ಕಾರಣಗಳನ್ನು ಬೇರ್ಪಡಿಸುವುದರಲ್ಲಿಯೂ ಯಂತ್ರದ ಉಪಕಾರ ದೊಡ್ಡದು. ವೃಷಣದ ಹಿಂಬದಿಗೆ ಅಂಟಿದ ಎಪಿಡಿಡೈಮಿಸ್ ಎಂಬ ನಳಿಕೆಯ ಸುರುಳಿಗೆ ಸೋಂಕು ತಗಲಿದಾಗಲೂ ನೋವು ಬಾವು ಬರುತ್ತವೆ. ಆದರೆ ಅಲ್ಲಿ ರಕ್ತದ ಹರಿವು ಕಡಿಮೆಯಾಗುವ ಬದಲು ಹೆಚ್ಚುತ್ತದೆ, ತೆರೆಯ ಮೇಲೆ ಬಣ್ಣ ಉಕ್ಕುತ್ತದೆ. ಅದಕ್ಕೆ ಬೇಕಾದದ್ದು ಔಷಧಿ, ಕತ್ತಿಯಲ್ಲ. ಚಿಕ್ಕ ಹುಡುಗರಲ್ಲಿ ವೃಷಣದ ತುದಿಯ ಒಂದು ಪುಟ್ಟ ಎಸಳು ಮಾತ್ರ ತಿರುಚಿಕೊಳ್ಳುವುದುಂಟು. ನೋವು ಜೋರು, ಅಪಾಯ ಕಡಿಮೆ. ಅಡಿಕೆಮರದಿಂದ ಜಾರಿದವರಿಗೆ, ಸೈಕಲ್ಲಿನ ಸರಳಿನ ಮೇಲೆ ಬಿದ್ದವರಿಗೆ, ಚೆಂಡಿನ ಪೆಟ್ಟು ತಿಂದವರಿಗೆ ವೃಷಣದ ಬಿಳಿಯ ಹೊದಿಕೆ ಒಡೆದಿದೆಯೇ ಎಂಬುದು ಮುಖ್ಯ ಪ್ರಶ್ನೆ. ಹೊದಿಕೆಯ ರೇಖೆ ಎಲ್ಲಿಯೋ ತುಂಡಾದದ್ದು ಕಂಡರೆ ಬೇಗನೆ ಹೊಲಿಯಬೇಕು. ಕರುಳು ಜಾರಿ ಚೀಲಕ್ಕೆ ಇಳಿದು ಸಿಕ್ಕಿಕೊಂಡಿದ್ದರೆ ಅದನ್ನೂ ಯಂತ್ರ ತೋರಿಸೀತು. ಸಕ್ಕರೆ ರೋಗದವರಲ್ಲಿ ಆ ಭಾಗದ ಚರ್ಮ ಮಾಂಸಗಳನ್ನು ಕೊಳೆಸುತ್ತ ಓಡುವ ಭೀಕರ ಸೋಂಕೊಂದಿದೆ. 1883ರಲ್ಲಿ ಅದನ್ನು ವರ್ಣಿಸಿದ ಫ್ರೆಂಚ್ ವೈದ್ಯ ಫೂರ್ನಿಯೇ ಹೆಸರನ್ನು ಅದು ಹೊತ್ತಿದೆ. ಚರ್ಮದಡಿಯ ಗಾಳಿಗುಳ್ಳೆಗಳು ಧ್ವನಿಯನ್ನು ಚದುರಿಸುವ ಬಗೆಯಿಂದ ಅದರ ಸುಳಿವು ಸಿಗುತ್ತದೆ. ಬಯಕೆಯಿಲ್ಲದೆಯೂ ನಾಲ್ಕು ಗಂಟೆಗೂ ಮೀರಿ ಶಿಶ್ನ ಸೆಟೆದು ನೋಯುತ್ತಿದ್ದರೆ ಅದು ನಗೆಯ ವಿಷಯವಲ್ಲ, ಒಳಗೆ ರಕ್ತ ಕೆಟ್ಟು ನಿಂತ ಆಪತ್ತು. ಅಲ್ಲಿಯೂ ಹರಿವು ಇದೆಯೋ ಇಲ್ಲವೋ ಎಂಬುದನ್ನು ಡಾಪ್ಲರನ ತತ್ವ ಹೇಳುತ್ತದೆ. ಸೆಟೆದ ಹೊತ್ತಿನಲ್ಲಿ ಪೆಟ್ಟಾಗಿ ಒಳಹೊದಿಕೆ ಹರಿದವರು ನಾಚಿಕೆಯಿಂದ ದಿನಗಟ್ಟಲೆ ಕೂತು ಬರುತ್ತಾರೆ. ಬೇಗ ಬಂದು ಹೊಲಿಸಿಕೊಂಡವರಿಗೆ ಮಾತ್ರ ಫಲ ಚೆನ್ನಾಗಿರುತ್ತದೆ.

ಯಂತ್ರವನ್ನು ಇಷ್ಟು ಹೊಗಳಿದ ಮೇಲೆ ಅದರ ಮಿತಿಯನ್ನು ಮರೆಮಾಚುವುದು ಅಪ್ರಾಮಾಣಿಕತೆ. ರಜ್ಜು ಅರ್ಧವೇ ತಿರುಚಿದ್ದರೆ ಒಂದಿಷ್ಟು ರಕ್ತ ನುಸುಳಿ ಬಣ್ಣ ಕಾಣಿಸಬಹುದು. ತಿರುಚಿ ತಾನಾಗಿಯೇ ಬಿಚ್ಚಿಕೊಂಡದ್ದಾದರೆ ಹರಿವು ಹೆಚ್ಚಾಗಿಯೇ ಕಂಡು, ಸೋಂಕೆಂಬ ಭ್ರಮೆಯನ್ನು ಹುಟ್ಟಿಸಬಹುದು. ಎಳೆಯ ಮಕ್ಕಳಲ್ಲಿ ಸಹಜ ಹರಿವೇ ಸಣ್ಣದು. ಹರಳನ್ನು ಹಿಡಿದ ಕೈಯ ಅನುಭವದ ಮೇಲೆ ಬಹಳಷ್ಟು ನಿಂತಿದೆ. ಆದುದರಿಂದ ಬಣ್ಣ ಕಂಡಿತೆಂದು ಹುಡುಗನನ್ನು ಮನೆಗೆ ಕಳುಹಿಸುವ ಮೊದಲು ವೈದ್ಯನ ಕಣ್ಣೂ ಕೈಯೂ ಒಪ್ಪಬೇಕು. 2013ರಲ್ಲಿ ಪ್ರಕಟವಾದ ಒಂದು ಅಂಕಪಟ್ಟಿಯನ್ನು ಇಂದು ವೈದ್ಯರು ಬಳಸುತ್ತಾರೆ. ವೃಷಣದ ಬಾವಿಗೆ 2, ಗಟ್ಟಿತನಕ್ಕೆ 2, ತೊಡೆಯ ಒಳಬದಿಯನ್ನು ಸವರಿದಾಗ ವೃಷಣ ಮೇಲಕ್ಕೆ ಸೆಳೆದುಕೊಳ್ಳದಿದ್ದರೆ 1, ವಾಕರಿಕೆ ಅಥವಾ ವಾಂತಿಗೆ 1, ಅದು ಇರಬೇಕಾದ ಜಾಗಕ್ಕಿಂತ ಮೇಲೇರಿ ನಿಂತಿದ್ದರೆ 1, ಒಟ್ಟು 7. ಐದೋ ಅದಕ್ಕಿಂತ ಹೆಚ್ಚೋ ಬಂದರೆ ಸಂಶಯ ಪ್ರಬಲವೆಂದು ಅರ್ಥ. ಇದಕ್ಕೆ ವಿದ್ಯುತ್ತು ಬೇಡ, ತೆರೆ ಬೇಡ; ನೋಡುವ ಮನಸ್ಸು ಸಾಕು.

ಇಲ್ಲಿಗೆ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬಂದೆ. ಸಂಶಯ ಪ್ರಬಲವಾಗಿದ್ದಾಗ ಯಂತ್ರಕ್ಕಾಗಿ ಕಾಯಬಾರದು. ಯಂತ್ರ ಇರುವುದು ಹೊತ್ತನ್ನು ಉಳಿಸುವುದಕ್ಕೆ, ನುಂಗುವುದಕ್ಕಲ್ಲ. ನಮ್ಮ ದೇಶದಲ್ಲಿ ಹೆಣ್ಣುಭ್ರೂಣವನ್ನು ಗುರುತಿಸಿ ಅಳಿಸುವ ಪಾಪಕ್ಕೆ ಇದೇ ಯಂತ್ರವನ್ನು ಬಳಸಿದ್ದರಿಂದ 1994ರಲ್ಲಿ ಕಾಯಿದೆ ಬಂತು. ಯಂತ್ರ ನೋಂದಣಿಯಾದ ಜಾಗದಲ್ಲಿ, ಅರ್ಹತೆ ಪಡೆದವರ ಕೈಯಲ್ಲಿ ಮಾತ್ರ ಇರಬೇಕೆಂಬುದು ಅದರ ಆಶಯ. ಆ ಕಾಯಿದೆ ನ್ಯಾಯವಾದದ್ದೇ. ಆದರೆ ಅದರ ಜೊತೆಗೆ ಒಂದು ವಾಸ್ತವವಿದೆ: ಯಂತ್ರವೂ ಅದನ್ನು ಬಲ್ಲವರೂ ಪೇಟೆಗಳಲ್ಲಿಯೇ ಇರುತ್ತಾರೆ, ಅದರಲ್ಲಿಯೂ ಹಗಲಿನಲ್ಲಿ. ಹುಡುಗನನ್ನು ಮೊದಲು ಸ್ಕ್ಯಾನಿಂಗ್ ಇರುವ ಒಂದೆಡೆಗೆ, ಆ ಚೀಟಿ ಹಿಡಿದು ಶಸ್ತ್ರವೈದ್ಯರಿರುವ ಇನ್ನೊಂದೆಡೆಗೆ, ಅಲ್ಲಿಂದ ಅರಿವಳಿಕೆಯ ವೈದ್ಯರಿರುವ ಮತ್ತೊಂದೆಡೆಗೆ ಅಲೆದಾಡಿಸಿದರೆ, ಹೊಳೆಯಲ್ಲಿ ಉಳಿಸಿದ ಹೊತ್ತನ್ನು ಪೇಟೆಯಲ್ಲಿ ಕಳೆದಂತಾಯಿತು. ಹೋಗಬೇಕಾದದ್ದು ಯಂತ್ರವಿರುವ ಕಡೆಗಲ್ಲ, ಆ ರಾತ್ರಿಯೇ ಶಸ್ತ್ರಚಿಕಿತ್ಸೆ ನಡೆಯಬಲ್ಲ ಕಡೆಗೆ. ಯಂತ್ರ ಅಲ್ಲಿಯೇ ಇದ್ದು, ಶಸ್ತ್ರಚಿಕಿತ್ಸೆಯ ಕೋಣೆ ಸಿದ್ಧವಾಗುವಷ್ಟರಲ್ಲಿ ಪರೀಕ್ಷೆ ಮುಗಿಯುವಂತಿದ್ದರೆ ಅದಕ್ಕಿಂತ ಮೇಲಿಲ್ಲ. ಯಂತ್ರವಿಲ್ಲವೆಂದರೆ, ಸಂಶಯವೊಂದರ ಮೇಲೆಯೇ ತೆರೆದು ನೋಡುವುದು ವೈದ್ಯಧರ್ಮ. ತೆರೆದು ನೋಡಿದಾಗ ತಿರುಚು ಇರದಿದ್ದರೆ ಹುಡುಗನಿಗೆ ಒಂದು ಸಣ್ಣ ಗಾಯದ ಗುರುತು ಉಳಿದೀತು. ಇದ್ದೂ ತೆರೆಯದಿದ್ದರೆ ಅಂಗವೇ ಹೋದೀತು. ಈ ಎರಡು ನಷ್ಟಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಚಿಕಿತ್ಸೆಯ ಬಗೆಗೂ ಒಂದು ಮಾತು. ಶಸ್ತ್ರವೈದ್ಯ ಸಣ್ಣದಾಗಿ ಕೊಯ್ದು, ತಿರುಚನ್ನು ಬಿಡಿಸಿ, ಬಿಸಿ ಬಟ್ಟೆಯಲ್ಲಿ ಸುತ್ತಿ ಕಾಯುತ್ತಾನೆ. ಕಪ್ಪಾದದ್ದು ಕ್ರಮೇಣ ಕೆಂಪೇರಿದರೆ ಅದು ಉಳಿಯಿತು. ಮತ್ತೆ ತಿರುಚದಂತೆ ಹೊಲಿಗೆ ಹಾಕುತ್ತಾನೆ. ನೋವಿಲ್ಲದ ಇನ್ನೊಂದು ಕಡೆಗೂ ಹಾಕುತ್ತಾನೆ, ಏಕೆಂದರೆ ಹುಟ್ಟಿನ ಸಡಿಲು ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ. ಶಸ್ತ್ರಚಿಕಿತ್ಸೆಗೆ ಹೊತ್ತಾಗುವಂತಿದ್ದರೆ ವೈದ್ಯರು ಕೈಯಿಂದಲೇ, ಪುಸ್ತಕದ ಹಾಳೆ ತೆರೆಯುವಂತೆ ಹೊರಮುಖವಾಗಿ ಹೊರಳಿಸಿ ನೋಡುವುದುಂಟು. ಇದನ್ನು ಮನೆಯವರು ಮಾಡತಕ್ಕದ್ದಲ್ಲ. ಮೂರರಲ್ಲಿ ಒಂದು ಪಾಲು ಮಂದಿಯಲ್ಲಿ ತಿರುಚಿನ ದಿಕ್ಕು ಬೇರೆಯೇ ಇರುತ್ತದೆ. ಅಂಗವೊಂದು ಹೋದರೂ ಬದುಕೇನೂ ಮುಗಿಯಲಿಲ್ಲ. ಇನ್ನೊಂದು ಆರೋಗ್ಯವಾಗಿದ್ದರೆ ಗಡ್ಡ ಮೀಸೆ ಬರುವುದಕ್ಕೆ, ಮದುವೆಯಾಗುವುದಕ್ಕೆ, ತಂದೆಯಾಗುವುದಕ್ಕೆ ಅದು ಸಾಮಾನ್ಯವಾಗಿ ಸಾಕು. ಈ ಮಾತನ್ನು ತಡವಾಗಿ ಬಂದ ಪ್ರತಿಯೊಬ್ಬ ಹುಡುಗನಿಗೂ ಹೇಳಬೇಕು. ಹೇಳದೆ ಬಿಟ್ಟರೆ ಅವನು ಅದನ್ನು ಜೀವಮಾನವಿಡೀ ಒಳಗೊಳಗೇ ಹೊತ್ತು ನಡೆಯುತ್ತಾನೆ.

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ 2.44 ಕಿಲೋಮೀಟರ್ ಉದ್ದದ ಸೇತುವೆ ಸಂಚಾರಕ್ಕೆ ತೆರೆಯಿತು. ಗಂಟೆಗಟ್ಟಲೆ ಕಾಯಿಸುತ್ತಿದ್ದ ನೀರನ್ನು ಈಗ ವಾಹನಗಳು ಕೆಲವೇ ನಿಮಿಷಗಳಲ್ಲಿ ದಾಟುತ್ತವೆ. 2008ರ ನವೆಂಬರಿನಲ್ಲಿ ಕರ್ನಾಟಕಕ್ಕೆ ಬಂದ 108ರ ಆಂಬುಲೆನ್ಸು ಇಂದು ಮಧ್ಯರಾತ್ರಿಯಲ್ಲಿಯೂ ಲಾಂಚಿನ ಹಂಗಿಲ್ಲದೆ ಈ ದಡದಿಂದ ಆ ದಡಕ್ಕೆ ಹೋಗಬಲ್ಲದು. ಮುಳುಗಡೆಯ ನಾಡು ಆರು ದಶಕ ಕಾದು ಪಡೆದ ವರ ಇದು. ಆದರೆ ಸರಕಾರ ಕಟ್ಟಬಲ್ಲ ಸೇತುವೆ ನೀರಿನ ಮೇಲಿನದು ಮಾತ್ರ. ಹನ್ನೆರಡರ ಹುಡುಗನಿಗೂ ಪಕ್ಕದ ಕೋಣೆಯಲ್ಲಿ ಮಲಗಿದ ಅವನ ತಂದೆಗೂ ನಡುವಿನ ಹಿನ್ನೀರಿಗೆ ಯಾವ ಇಲಾಖೆಯೂ ಗುತ್ತಿಗೆ ಕೊಡಲಾರದು. ಅದನ್ನು ನಾವೇ ದಾಟಬೇಕು, ಮಾತಿನಿಂದ ದಾಟಬೇಕು.

ಆ ಮಾತು ಬಹಳ ದೊಡ್ಡದಾಗಬೇಕಿಲ್ಲ. ಮಗನಿಗೆ ಹತ್ತು ಹನ್ನೊಂದು ವರ್ಷವಾದಾಗ, ಸ್ನಾನಕ್ಕೆ ನೀರು ಕಾಯುವ ಹೊತ್ತಿನಲ್ಲೋ ತೋಟಕ್ಕೆ ನಡೆಯುವ ದಾರಿಯಲ್ಲೋ, ತಂದೆಯಾದವನು ಹೀಗೆ ಹೇಳಬಹುದು: ಬೀಜದಲ್ಲಿ ಇದ್ದಕ್ಕಿದ್ದಂತೆ ಜೋರಾಗಿ ನೋವು ಬಂದರೆ, ಅದು ಯಾವ ಹೊತ್ತಾದರೂ ಸರಿ, ನನ್ನನ್ನು ಎಬ್ಬಿಸು. ಶಾಲೆಯ ಮೇಷ್ಟರು, ವಿದ್ಯಾರ್ಥಿನಿಲಯದ ಮೇಲ್ವಿಚಾರಕರು ಇದನ್ನೇ ತಮ್ಮ ಹುಡುಗರಿಗೆ ಹೇಳಬಹುದು. ಹುಡುಗ ಹೊಟ್ಟೆನೋವೆಂದು ಹೊರಳಾಡಿ ವಾಂತಿ ಮಾಡಿದರೆ, ಕೆಳಗೆ ಎಲ್ಲಾದರೂ ನೋವಿದೆಯೇ ಎಂದು ತಾಯಿ ಕೇಳಬಹುದು. ಮಗ ತಲೆ ತಗ್ಗಿಸಿದರೆ ಅದೇ ಉತ್ತರವೆಂದು ತಿಳಿಯಬಹುದು. ಆಮೇಲೆ ಬಿಸಿ ಶಾಖ ಕೊಡಬೇಡಿ. ಕಷಾಯವಾಗಲಿ ಊಟವಾಗಲಿ ಬೇಡ. ಅರಿವಳಿಕೆಗೆ ಖಾಲಿ ಹೊಟ್ಟೆ ಬೇಕಾಗುತ್ತದೆ. ನೋವು ಹತ್ತಿದ ಗಂಟೆಯನ್ನು ಗುರುತುಮಾಡಿಕೊಳ್ಳಿ. ವೈದ್ಯರು ಕೇಳುವ ಮೊದಲ ಪ್ರಶ್ನೆ ಅದೇ. ಹೊರಡುವ ಮುನ್ನ ದೂರವಾಣಿಯಲ್ಲಿ ಆಸ್ಪತ್ರೆಗೆ ತಿಳಿಸಿ, ಶಸ್ತ್ರವೈದ್ಯರು ಇದ್ದಾರೆಯೇ ಎಂದು ಕೇಳಿ. ನೋವು ತಾನಾಗಿಯೇ ನಿಂತಿತೆಂದು ಅರ್ಧದಾರಿಯಿಂದ ಹಿಂದಿರುಗಬೇಡಿ. ಬಿಚ್ಚಿಕೊಂಡ ರಜ್ಜು ಮತ್ತೆ ತಿರುಚಬಹುದು, ಸತ್ತ ಅಂಗವೂ ನೋಯುವುದನ್ನು ನಿಲ್ಲಿಸಬಹುದು.

ಇಷ್ಟನ್ನು ಕೇಳಿದವರಲ್ಲಿ ಗಂಡುಮಕ್ಕಳಿರುವ ತಂದೆತಾಯಿಗಳು ಬಹಳ ಮಂದಿ ಇದ್ದೀರಿ. ಮಗ ಪಕ್ಕದಲ್ಲಿಯೇ ಕೂತಿದ್ದರೆ ಅವನು ಈಗಾಗಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದಾನೆ. ಇನ್ನು ನಿಮಗೆ ಉಳಿದಿರುವುದು ಅವನತ್ತ ತಿರುಗಿ, ತಿಳಿಯಿತೇ ಎಂದು ಕೇಳುವುದಷ್ಟೆ.